ವಿಮಾನದ ಬಣ್ಣ ವಿಮಾನದ್ದೇ ಇರಲಿ

ಮಾನ್ಯ ಸಂಪಾದಕರೇ,

ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತೆಂದರೆ ಪತ್ರಿಕೆಗಳ ಮುಖಪುಟದಲ್ಲಿ ವಿಮಾನಗಳದ್ದೇ ಭರಾಟೆ. ಆದರೆ ಆ ಚಿತ್ರಗಳನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿ. ಕೆಲವದರಲ್ಲಿ ವಿಮಾನ ಬರೀ ಕಪ್ಪು. ಇನ್ನು ಕೆಲವದರಲ್ಲಿ ಆಕಾಶ ಕ್ಯಾಲೆಂಡರ್ ದೇವರ ಹಿಂದಿನ ನೀಲಿಯಂತೆ ಹೊಳೆಯುತ್ತಿರುತ್ತದೆ. ಫೆಬ್ರವರಿಯಲ್ಲಿ ಯಲಹಂಕದ ಆಕಾಶ ಎಷ್ಟೋ ದಿನ ಮಬ್ಬು ಕಟ್ಟಿ ಬಿಳಿಚಿಕೊಂಡೇ ಇರುತ್ತದೆ, ಅಲ್ವಾ?

ವಿಮಾನಗಳ ಪೇಂಟ್ ಶಾಪ್‌ನಲ್ಲೇ ನನ್ನ ನೌಕರಿ ಕಳೆಯಿತು. ಉಜ್ಜಿ, ಪ್ರೈಮರ್ ಹೊಡೆದು, ಮಾಸ್ಕಿಂಗ್ ಟೇಪ್ ಅಂಟಿಸಿ ಮಾಡುವ ಕೆಲಸ. ಒಂದು ಗೆರೆ ಸೊಟ್ಟಗಾದರೆ ಕೆರೆದು ಮತ್ತೆ ಮೊದಲಿಂದ. ಅಂಥ ಬಣ್ಣ ಅಚ್ಚಿನಲ್ಲಿ ಡಾಂಬರಾದರೆ ಹೊಟ್ಟೆ ಉರಿಯುತ್ತದೆ. ತೇಜಸ್‌ನಂಥ ಯುದ್ಧವಿಮಾನಕ್ಕೆ ಬೂದು ಬಣ್ಣ ಕೊಡುವುದೇ ಅದು ಆಕಾಶದಲ್ಲಿ ಸುಲಭಕ್ಕೆ ಕಾಣಬಾರದೆಂದು. ಫೋಟೋದಲ್ಲಿ ಮಾತ್ರ ಅದೇ ಎಲ್ಲಕ್ಕಿಂತ ಕಪ್ಪು!

ತಪ್ಪು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರನ್ನು ಸುಮ್ನೆ ನಂಬುವುದರಲ್ಲಿದೆ. ಎದುರಿಗೆ ಏನೇ ಇರಲಿ, ಮೀಟರ್ ಅದನ್ನು ನಡುಬೂದಿನ ಮಟ್ಟಕ್ಕೆ ತರಲು ನೋಡುತ್ತದೆ. ಚಿತ್ರದ ತುಂಬ ಬೆಳ್ಳನೆಯ ಆಕಾಶವೇ ಇದ್ದಾಗ ಬೆಳಕು ಜಾಸ್ತಿಯಾಯಿತೆಂದು ಕತ್ತರಿ ಹಾಕುತ್ತದೆ. ಆಕಾಶ ಮಂಕಾಗುತ್ತದೆ, ವಿಮಾನ ಕಪ್ಪಾಗುತ್ತದೆ. ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು +0.7 ಅಥವಾ +1ಕ್ಕೆ ಏರಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಆದರೆ ವಾಯುಪಡೆಯ ಕಸರತ್ತಿನ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳಿಗೆ ಇದನ್ನೇ ಕಣ್ಣುಮುಚ್ಚಿ ಹಾಕುವಂತಿಲ್ಲ. ಅವು ಕೆಂಪು-ಬಿಳಿ. ಬಿಸಿಲು ನೇರ ಬಿದ್ದಾಗ ಬಿಳಿ ಭಾಗ ಚಿತ್ರದಲ್ಲಿ ಗೆರೆ-ವಿವರ ಏನೂ ಉಳಿಯದೆ ಸುಟ್ಟುಹೋಗುತ್ತದೆ, ಹಿಂದೆ ಕಪ್ಪು ಮೋಡವಿದ್ದರಂತೂ ಮೈನಸ್ ಕಡೆಗೇ ಹೋಗಬೇಕು. ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ ಫೈಲ್ ಇದ್ದರೆ ನೆರಳಲ್ಲಿ ಅಡಗಿದ್ದನ್ನು ಆಮೇಲೆ ಎತ್ತಬಹುದು. ಪೂರ್ತಿ ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ನಡುಮಧ್ಯಾಹ್ನ ಬಿಸಿಲು ವಿಮಾನದ ಬೆನ್ನಿಗೆ, ನಮಗೆ ಕಾಣುವುದು ನೆರಳಿನ ಹೊಟ್ಟೆ. ವಿಮಾನ ವಾಲಿ ತಿರುಗುವಾಗ ಬೆನ್ನು ನಮ್ಮ ಕಡೆ ಬರುತ್ತದೆ. ಬಟನ್ ಒತ್ತಬೇಕಾದ್ದು ಆಗ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟುಬಿಡಿ. ಆಟೋದಲ್ಲಿದ್ದರೆ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ ಬರಬಹುದು.

ಇನ್ನು ನಿಮ್ಮ ಡೆಸ್ಕಿನ ಪಾಲು. 2025ರ ಪ್ರದರ್ಶನಕ್ಕೆ ರಷ್ಯಾದ ಎಸ್‌ಯು-57, ಅಮೆರಿಕದ ಎಫ್-35 ಯುದ್ಧವಿಮಾನ ಎರಡೂ ಬಂದಿದ್ದವಲ್ಲ, ಆಗ ಪತ್ರಿಕೆಯೊಂದರ ಚಿತ್ರವನ್ನು ಮೊಬೈಲಿನಲ್ಲೂ ಕಾಗದದಲ್ಲೂ ಅಕ್ಕಪಕ್ಕ ಇಟ್ಟು ನೋಡಿದೆ. ಮೊಬೈಲಿನಲ್ಲಿ ರೆಕ್ಕೆಯ ಜೋಡಣೆಯ ಗೆರೆಗಳೂ ಕಾಣುತ್ತಿದ್ದವು. ಕಾಗದದಲ್ಲಿ ಬರೀ ಮಸಿ. ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ, ಚುಕ್ಕೆಗಳು ಹರಡಿಕೊಳ್ಳುತ್ತವೆ, ಚಿತ್ರ ಇನ್ನಷ್ಟು ಕಪ್ಪಾಗುತ್ತದೆ. ಹಾಗಾಗಿ ಅಚ್ಚಿಗೆ ಹೋಗುವ ಚಿತ್ರದಲ್ಲಿ ನೆರಳು ಮತ್ತು ನಡುಮಟ್ಟದ ಛಾಯೆಗಳನ್ನು ವೆಬ್‌ಸೈಟಿನದಕ್ಕಿಂತ ಸ್ವಲ್ಪ ಜಾಸ್ತಿಯೇ ಎತ್ತಬೇಕು. ಬಣ್ಣದ ಗಾಢತೆ, ಅಂದರೆ ಸ್ಯಾಚುರೇಶನ್ ಮಾತ್ರ ಮುಟ್ಟಬೇಡಿ. ಅದನ್ನು ಎಳೆದರೆ ಹಾಕ್‌ನ ಕೆಂಪು ಒಂದೇ ಮುದ್ದೆಯಾಗಿ ಅದರೊಳಗಿನ ಗೆರೆ, ಉಬ್ಬು ಎಲ್ಲ ಮಾಯ.

ಮುಂದಿನ ಪ್ರದರ್ಶನಕ್ಕೆ ಓದುಗರ ಚಿತ್ರಗಳನ್ನು ಕೇಳುವುದಾದರೆ ಮೂಲ ಫೈಲನ್ನೇ ಇಮೇಲ್ ಮಾಡಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ನೆರಳು ಎತ್ತಲು ಹೋದರೆ ಬರೀ ಚೌಕಚೌಕ ಕಲೆಗಳೇ ಏಳುತ್ತವೆ.

– ಪೇಂಟ್ ಶಾಪ್‌ನ ನಿವೃತ್ತ ನೌಕರ, ಬೆಂಗಳೂರು