ಮೊದಲ ರಾತ್ರಿಯ ನೀರು

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೊದಲ ಸಲ ಓದಿದಾಗ ಸಂತೋಷವೇ ಆಯಿತು. ಜೂನ್ ತಿಂಗಳಲ್ಲಿ ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್‌ಗೆ ಹೊರಟಿದ್ದೀರಿ, ರೋಡೊಡೆಂಡ್ರಾನ್ ಹೂ ಬಿಡುವ ಕಾಲ, ಕುದುರೆ ಸಮೇತ ತಂಗುವವರಿಗೆ ಲಾಯವಿರುವ ಬೇರೆಯದೇ ಜಾಗ, ಅಲ್ಲಿಂದ ಮೌಂಟ್ ರೋಜರ್ಸ್ ಕಡೆಗೆ ಕುದುರೆದಾರಿ. ಎರಡನೆಯ ಪುಟದ ಕೊನೆಗೆ ಬಂದಾಗ ನಿನ್ನ ಹೆಣ್ಣು ಕುದುರೆಯ ಬಗ್ಗೆ ಒಂದು ಸಾಲು ಸಿಕ್ಕಿತು: "ಹೋದ ಸಲ ಸೌತ್ ಮೌಂಟನ್ಸ್ ಪಾರ್ಕಿನಲ್ಲಿ ಅವಳು ಇಡೀ ರಾತ್ರಿ ನೀರು ಮುಟ್ಟಲಿಲ್ಲ ದೊಡ್ಡಪ್ಪ, ಈ ಸಲ ಮೂರು ರಾತ್ರಿ, ಹಾಗೇ ಮಾಡಿದರೆ ಏನು ಮಾಡುವುದೋ."

ಆ ಸಾಲು ನನ್ನನ್ನು ಇನ್ನೂ ಬಿಟ್ಟಿಲ್ಲ. "ಅವಳು ಓದಿದವಳು, ಅಲ್ಲಿ ಡಾಕ್ಟರುಗಳಿದ್ದಾರೆ, ನೀವೇಕೆ ಇಲ್ಲಿ ನಿದ್ದೆಗೆಡುತ್ತೀರಿ" ಎಂದು ನಿನ್ನ ದೊಡ್ಡಮ್ಮ ಗದರಿದಳು. ಅವಳು ಹೇಳುವುದು ನಿಜ. ಆದರೂ ಬರೆಯದೆ ಇರಲಾಗಲಿಲ್ಲ.

ಕರಡಿಯ ಬಗ್ಗೆ ಬರೆದಿದ್ದೀಯ, ಗುಡುಗಿನ ಬಗ್ಗೆ ಬರೆದಿದ್ದೀಯ. ಅವು ಹೆದರಬೇಕಾದವೇ. ಆದರೆ ಅವು ಬಂದರೆ ನಿನಗೆ ಗೊತ್ತಾಗುತ್ತದೆ. ನೀರು ಕುಡಿಯದ ಕುದುರೆ ಗದ್ದಲ ಮಾಡುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ, ಹುಲ್ಲನ್ನೂ ಒಂದಿಷ್ಟು ತಿನ್ನುತ್ತದೆ. ಒಳಗೆ ಕರುಳಿನಲ್ಲಿ ತಿಂದದ್ದೆಲ್ಲ ಒಣಗಿ ಗಟ್ಟಿಯಾಗುತ್ತಿರುತ್ತದೆ. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ, ಪಾಪ.

ನಾನು ನೋಡಿಕೊಳ್ಳುತ್ತಿದ್ದ ಕುದುರೆ ಮಲ್ಲಿಗೆಯ ಹೆಸರು ನೀನು ಕೇಳಿದ್ದೀಯ. ಹೊಟ್ಟೆಶೂಲೆಯಿಂದ ಸತ್ತಳು ಎಂದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತು. ಉಳಿದದ್ದನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ.

1983ರ ಡಿಸೆಂಬರ್. ಸ್ಪರ್ಧೆಗೆಂದು ಅವಳನ್ನು ಲಾರಿಯಲ್ಲಿ ಹೈದರಾಬಾದಿಗೆ ಕರೆದೊಯ್ದಿದ್ದೆವು. ಇಳಿಸಿದ ಮೈದಾನದಲ್ಲಿ ಕೊಳವೆಬಾವಿಯ ನೀರು. ಬಕೆಟ್ಟನ್ನು ಮುಂದಿಟ್ಟೆ. ಮೂತಿ ತಾಗಿಸಿದಳು, ಮೇಲ್ದುಟಿಯನ್ನು ಮಡಿಚಿ ತಲೆ ಎತ್ತಿಬಿಟ್ಟಳು. ಬಾಯಾರಿದರೆ ತಾನೇ ಕುಡಿಯುತ್ತಾಳೆ ಎಂದುಕೊಂಡು ನಾನು ಜೀನು ಉಜ್ಜುತ್ತಾ ಕುಳಿತೆ. ಮರುದಿನವೂ ಹಾಗೆಯೇ. ಸಂಜೆ ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಹಿರಿಯ ಕಾಸದಾರರು ಬಂದು "ನೀರು ಕುಡಿದಳೇನೋ" ಎಂದು ಕೇಳಿದರು. "ಕುಡಿದಳು" ಎಂದೆ. ಇಟ್ಟಿದ್ದೆನಲ್ಲ, ಇಟ್ಟ ಮೇಲೆ ಕುಡಿದ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ದಾಖಲೆ ಪುಸ್ತಕದಲ್ಲಿಯೂ ಹಾಗೆಯೇ ಬರೆದೆ.

ಮೂರನೆಯ ರಾತ್ರಿ ಅವಳು ಮುಂಗಾಲಿನಿಂದ ನೆಲ ಕೆರೆಯಲು ತೊಡಗಿದಳು. ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದಳು, ಅಲ್ಲಿ ಯಾರೋ ಕರೆದ ಹಾಗೆ. ಮಲಗಿದಳು, ಎದ್ದಳು, ಮತ್ತೆ ಮಲಗಿ ಹೊರಳಿದಳು. ಡಾಕ್ಟರು ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಬೆಳಗಿನ ಜಾವದವರೆಗೆ ಹಗ್ಗ ಹಿಡಿದು ನಡೆಸಿದೆ. ಬೆಳಕು ಹರಿಯುವ ಮೊದಲೇ ಹೋದಳು. ಬಕೆಟ್ಟು ಅಲ್ಲಿಯೇ ಇತ್ತು, ತುಂಬಿದ್ದು ತುಂಬಿದ ಹಾಗೆಯೇ, ಮೇಲೆ ಒಂದು ಹುಲ್ಲಿನ ಎಸಳು ತೇಲುತ್ತಿತ್ತು.

ಹಿರಿಯರು ಆ ಬಕೆಟ್ಟನ್ನು ನೋಡಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ, ನೀರು ಇಟ್ಟೆಯಾ ಎಂಬುದು ಲೆಕ್ಕಕ್ಕಿಲ್ಲ. ಎಷ್ಟು ಇಳಿಯಿತು ಎಂದು ನೋಡಬೇಕು. ಬಕೆಟ್ಟಿನ ಒಳಗೆ ಟೇಪು ಅಂಟಿಸಿ ಗುರುತು ಮಾಡಿಕೊಂಡರೆ ಕತ್ತಲಲ್ಲಿಯೂ ಟಾರ್ಚ್ ಹಾಕಿ ನೋಡಬಹುದು. ಸುಮ್ಮನೆ ನಿಂತ ಕುದುರೆಯೂ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಬೆಟ್ಟ ಹತ್ತಿದ ದಿನ ಇನ್ನೂ ಹೆಚ್ಚು. ಇದೆಲ್ಲ ನಿನಗೆ ಗೊತ್ತಿರಬಹುದು, ಬೇಸರ ಮಾಡಿಕೊಳ್ಳಬೇಡ.

ಆ ಬೆಟ್ಟದ ಮೇಲೆ ಸಣ್ಣ ಕಾಡುಕುದುರೆಗಳಿವೆ ಎಂದು ಬರೆದಿದ್ದೀಯಲ್ಲ, 1970ರ ದಶಕದಲ್ಲಿ ಬೋಳುಗುಡ್ಡಗಳಲ್ಲಿ ಪೊದೆ ಬೆಳೆಯದಿರಲೆಂದು ತಂದು ಬಿಟ್ಟವು. ಅವು ಚಳಿಗಾಲದಲ್ಲಿಯೂ ಅಲ್ಲಿಯೇ ಇರುವುದನ್ನು ನೋಡಿ ನಿನ್ನವಳಿಗೂ ಒಗ್ಗುತ್ತದೆ ಎಂದುಕೊಳ್ಳಬೇಡ. ಅವುಗಳಿಗೆ ಅಲ್ಲಿನ ಒರತೆ ತಾಯಿಹಾಲಿದ್ದಂತೆ. ನಿನ್ನವಳಿಗೆ ಅದು ಪರದೇಶದ ನೀರು. ನೀನು ಆ ಊರಿಗೆ ಹೋದ ಹೊಸತರಲ್ಲಿ ನಲ್ಲಿನೀರು ವಾಸನೆ ಬರುತ್ತದೆ ಎಂದು ವಾರಗಟ್ಟಲೆ ಗೊಣಗಿದ್ದೆ, ನೆನಪಿದೆಯೇ?

ಹಳೆಯ ಕಾಸದಾರರು ಒಂದು ಉಪಾಯ ಮಾಡುತ್ತಿದ್ದರು. ಹೊರಡುವ ಒಂದು ವಾರ ಮೊದಲಿನಿಂದಲೇ ಲಾಯದ ನೀರಿಗೆ ಚೂರು ಬೆಲ್ಲ ಕದಡುವುದು. ಆ ರುಚಿ ನಾಲಿಗೆಗೆ ಹತ್ತಿದ ಮೇಲೆ ಯಾವ ಊರಿನ ನೀರಿಗೆ ಬೆಲ್ಲ ಹಾಕಿದರೂ ಅದು ಮನೆಯ ನೀರೇ. ನಿಮ್ಮಲ್ಲಿ ಸೇಬಿನ ರಸ ಹಾಕುತ್ತಾರಂತೆ, ಅದೂ ಆಗುತ್ತದೆ. ಮಲ್ಲಿಗೆಗೂ ಹೀಗೆ ಮಾಡು ಎಂದು ಅವರು ನನಗೆ ಹೇಳಿದ್ದರು. ಇಪ್ಪತ್ತನಾಲ್ಕು ವರ್ಷದವನಿಗೆ ಅದು ಮುದುಕರ ಮಾತಾಗಿ ಕೇಳಿಸಿತು.

ಸಾಧ್ಯವಾದರೆ ಮೊದಲ ದಿನಕ್ಕಾಗುವಷ್ಟು ನೀರನ್ನು ಕ್ಯಾನಿನಲ್ಲಿ ಇಲ್ಲಿಂದಲೇ, ಅಂದರೆ ನಿನ್ನ ಲಾಯದಿಂದಲೇ ಒಯ್ಯಿ. ಬಕೆಟ್ಟೂ ಅವಳದ್ದೇ ಇರಲಿ. ಟ್ರೇಲರ್‌ನಲ್ಲಿ ನಾಲ್ಕೈದು ಗಂಟೆ ಪ್ರಯಾಣ ಎಂದಿದ್ದೀಯ, ನಡುವೆ ನಿಲ್ಲಿಸಿ ಒಡ್ಡಿ ನೋಡು. ಒಣಹುಲ್ಲನ್ನು ನೆನೆಸಿ ಹಾಕಿದರೆ ಕುಡಿಯದಿದ್ದರೂ ಒಂದಿಷ್ಟು ನೀರು ಒಳಗೆ ಹೋಗುತ್ತದೆ. ಎತ್ತರದಲ್ಲಿ ರಾತ್ರಿ ಚಳಿಯಾಗುತ್ತದೆ, ತೀರಾ ತಣ್ಣಗಿದ್ದರೂ ಕೆಲವು ಕುದುರೆಗಳು ಮುಟ್ಟುವುದಿಲ್ಲ. ಒಲೆಯ ಮೇಲೆ ಒಂದು ಪಾತ್ರೆ ಕಾಯಿಸಿ ಬೆರೆಸು. ಕಾಗಿನ್ಸ್ ಪರೀಕ್ಷೆಯ, ಅಂದರೆ ಕುದುರೆಗೆ ಅಂಟುವ ರಕ್ತರೋಗ ಇಲ್ಲವೆಂದು ತೋರಿಸುವ ರಕ್ತಪರೀಕ್ಷೆಯ ಕಾಗದ ಮರೆಯಬೇಡ ಎಂದು ಬರೆಯಲು ಹೊರಟಿದ್ದೆ, ಅದನ್ನು ನೀನೇ ನನಗೆ ಕಲಿಸಿದ್ದು.

ಮತ್ತೆ ಅಲ್ಲಿಗೇ ಬರುತ್ತೇನೆ. ಮಲಗುವ ಮೊದಲು ಅವಳ ಒಸಡನ್ನು ಬೆರಳಿನಿಂದ ಒತ್ತಿ ಬಿಡು. ಬಿಳಿಚಿಕೊಂಡದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು, ಒಸಡು ಒದ್ದೆಯಾಗಿರಬೇಕು. ಆಮೇಲೆ ಪಕ್ಕೆಗೆ ಕಿವಿ ಇಡು. ಒಳಗೆ ದೂರದ ಗುಡುಗಿನ ಹಾಗೆ ಗುಡುಗುಡು ಕೇಳಿಸುತ್ತಿದ್ದರೆ ಹೋಗಿ ಮಲಗು. ಏನೂ ಕೇಳಿಸದಿದ್ದರೆ, ಲದ್ದಿ ಸಣ್ಣಗಾಗಿ ಒಣಗಿದ್ದರೆ, ಬೆಳಗಾಗಲಿ ನೋಡೋಣ ಎನ್ನಬೇಡ. ಡಾಕ್ಟರಿಗೆ ಆಗಲೇ ಫೋನ್ ಮಾಡು. ಬೆಟ್ಟದ ಮೇಲೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಗಲಿನಲ್ಲಿಯೇ ನೋಡಿಟ್ಟುಕೋ. ಜೊತೆಯವರು ನಗಬಹುದು, ನಗಲಿ.

ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ಅಂಥ ಬೆಟ್ಟ ಸಿಕ್ಕಿದ್ದರೆ ನಾನೂ ಹೋಗುತ್ತಿದ್ದೆ.

ಒಂದೇ ಕೆಲಸ ನನಗಾಗಿ ಮಾಡು. ಮೊದಲ ರಾತ್ರಿ ಟೇಪಿನ ಗುರುತು ನೋಡಿ ಎಷ್ಟು ಇಳಿದಿದೆ ಎಂದು ಹೇಳು. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಬೆಳಗಿನ ಏಳೂವರೆ, ನಾನು ಎದ್ದಿರುತ್ತೇನೆ. ಇಳಿದಿರದಿದ್ದರೂ ಇಳಿದಿಲ್ಲ ಎಂದೇ ಹೇಳು.

ಇತಿ,
ನಿನ್ನ ದೊಡ್ಡಪ್ಪ