ಅಪ್ಪಯ್ಯ ಹುಷಾರಾದರು, ಎಲ್ಲರಿಗೂ ನಮಸ್ಕಾರ

ಮೂತ್ರನಾಳದ ಕಲ್ಲಿಗಾಗಿ ಅಪ್ಪಯ್ಯನಿಗೆ ಹಾಕಿದ್ದ ಸ್ಟೆಂಟ್ (ಮೂತ್ರ ಹರಿಯಲು ಒಳಗಿಡುವ ಸಣ್ಣ ಕೊಳವೆ) ತೆಗೆದಾಯಿತು. ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಹಳೆಯ ಮಟ್ಟಕ್ಕೆ ಇಳಿದಿದೆ. ಫೋನ್ ಮಾಡಿ ವಿಚಾರಿಸಿದ ಎಲ್ಲರಿಗೂ ಬೇರೆ ಬೇರೆ ಹೇಳುವುದಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಯ್ಲಿನ ಗಡಿಬಿಡಿಯಲ್ಲಿ ಎಡಪಕ್ಕೆ ನೋವನ್ನು ಅವರು "ಎಂತೂ ಆಜಿಲ್ಲೆ, ಗ್ಯಾಸು" ಎಂದೇ ತಳ್ಳುತ್ತ ಬಂದರು. ಆಯಿಯ ಬಾಳೆದಿಂಡಿನ ರಸವೂ ಮುಗಿದ ಮೇಲೆ ಶಿರಸಿಗೆ ಹೊರಟಿದ್ದು.

ದೊಡ್ಡ ನಮಸ್ಕಾರ ಅಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮನಿಗೆ. ಮೂತ್ರಕೋಶ ತುಂಬದೆ ಕೆಳಭಾಗ ಸರಿಯಾಗಿ ಕಾಣುವುದಿಲ್ಲವೆಂದು ನೀರು ಕುಡಿಸಿ ಕೂರಿಸಿದರು, ಅಪ್ಪಯ್ಯನ ಗೊಣಗಾಟವನ್ನೂ ಸಹಿಸಿಕೊಂಡರು. ಎಡ ಕಿಡ್ನಿ ಊದಿತ್ತು, ಕಲ್ಲು ಮಾತ್ರ ಕಾಣಲಿಲ್ಲ. ಎಕ್ಸ್‌ರೇಯಲ್ಲೂ ಇಲ್ಲ. ನೆಂಟರಲ್ಲಿ ಕೆಲವರು ಅಷ್ಟಕ್ಕೇ ನಿರಾಳ! ಆದರೆ ಡಾಕ್ಟರಮ್ಮ ಬಿಡಲಿಲ್ಲ. ಮೂತ್ರನಾಳದ ನಡುಭಾಗವನ್ನು ಕರುಳಿನ ಗಾಳಿ ಮರೆಮಾಡುತ್ತದೆ, ಯೂರಿಕ್ ಆಸಿಡ್ ಕಲ್ಲು ಎಕ್ಸ್‌ರೇಗೆ ಸಿಗುವುದಿಲ್ಲ, ಹಾಗಂತ ಕಿಡ್ನಿ ಸುಮ್ಮಸುಮ್ಮನೆ ಊದುವುದೂ ಇಲ್ಲ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿ, ಸಿಟಿ ಸ್ಕ್ಯಾನ್ ಮಾಡಿಸಲು ಹೇಳಿದರು. ಏರಿದ ಕ್ರಿಯಾಟಿನಿನ್ನಿಗೆ ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಆದೀತೇ ಎಂಬ ನನ್ನ ಹೆದರಿಕೆಗೂ ಅವರಲ್ಲೇ ಉತ್ತರ ಸಿಕ್ಕಿತು: ಕಲ್ಲು ಹುಡುಕುವ ಸಿಟಿಗೆ ಅದು ಬೇಡ.

ಹುಬ್ಬಳ್ಳಿಯಲ್ಲಿ ಕಲ್ಲು ಸಿಕ್ಕಿತು, 9 ಮಿ.ಮೀ. ಅದರ ಸಾಂದ್ರತೆ ಸಿಟಿಯ ಹೌನ್ಸ್‌ಫೀಲ್ಡ್ ಅಳತೆಯಲ್ಲಿ 500ಕ್ಕಿಂತ ಕೆಳಗಿತ್ತು, ಅಂದರೆ ಕಡಿಮೆ. ಯೂರಿಕ್ ಆಸಿಡ್ಡೇ ಇರಬೇಕು, ಕರಗಿಸಿ ನೋಡೋಣ ಎಂದರು ಯುರಾಲಜಿ ಡಾಕ್ಟರು. ಕಿಡ್ನಿಗೆ ದಾರಿಯಾಗಲು ಸ್ಟೆಂಟ್, ಮೂತ್ರದ ಆಮ್ಲತೆ ಇಳಿಸಲು ಪೊಟ್ಯಾಸಿಯಂ ಸಿಟ್ರೇಟ್. ಮುಂದಿನ ಸ್ಕ್ಯಾನಿನಲ್ಲಿ ಕಲ್ಲಿಲ್ಲ, ಲೇಸರಿನಿಂದ ಕಲ್ಲು ಒಡೆಸುವುದು ತಪ್ಪಿತು. ಆ ಅಳತೆಗೆ ಹೆಸರಾದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಇಂಜಿನಿಯರ್. ಸಿಟಿಗಾಗಿ 1979ರ ನೊಬೆಲ್ ಹಂಚಿಕೊಂಡವರು. ಅವರಿಗೂ ಒಂದು ನಮಸ್ಕಾರ ಇರಲಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎಲ್ಲರೂ ಕೂಗಿದ್ದು ಹುಬ್ಬಳ್ಳಿಯ ದಾರಿಯುದ್ದಕ್ಕೂ ನೆನಪಾಗುತ್ತಿತ್ತು. ಸುಮಾರು 100 ಕಿ.ಮೀ., ಪ್ರತಿ ಹೊಂಡಕ್ಕೂ ಅಪ್ಪಯ್ಯ ನರಳುತ್ತಿದ್ದರು. ಅಷ್ಟು ಜೋಪಾನವಾಗಿ ಕಾರು ಓಡಿಸಿದ ಪಕ್ಕದಮನೆಯ ತಮ್ಮ ಡೀಸೆಲ್ ದುಡ್ಡನ್ನೂ ಮುಟ್ಟಲಿಲ್ಲ. ನಾವಿಲ್ಲದಾಗ ನಮ್ಮ ಅಡಿಕೆ ಸುಲಿದು, ಬೇಯಿಸಿ, ಅಟ್ಟಕ್ಕೆ ಹರವಿದ ಕೇರಿಯ ಅಕ್ಕಂದಿರಿಗೆ, ಮರ ಹತ್ತಿ ಕೊನೆ ಇಳಿಸಿದ ಕೊನೆಗೌಡರಿಗೆ ಏನು ಹೇಳಲಿ? ಲೆಕ್ಕವಂತೂ ನಮ್ಮಲ್ಲಿದೆ, ಮುಯ್ಯಾಳು ಬೇಕಾದ ದಿನ ಕರೆಯಿರಿ.

ಅಪ್ಪಯ್ಯನನ್ನು ನೋಡಲು ಬರುವವರು ಸಂಜೆ ಬನ್ನಿ. ಬೆಳಿಗ್ಗೆ ತೋಟಕ್ಕೆ ಹೋಗಲು ಶುರು ಮಾಡಿದ್ದಾರೆ, ನೀರಿನ ಬಾಟಲಿ ಆಯಿಯೇ ಕೈಗೆ ಕೊಟ್ಟು ಕಳಿಸುತ್ತಾಳೆ.