ತೆರೆದುಕೊಳ್ಳಬಾರದ ಬೈಂಡಿಂಗ್ ತೆರೆದುಕೊಂಡ ಬಗ್ಗೆ ಮತ್ತು ಅದಕ್ಕೆ ತಾವು ನೀಡಿದ ಉತ್ತರದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕರ ದೂರು ಪರಿಹಾರ ವಿಭಾಗ,
ಸ್ನೋಬೋರ್ಡ್ ಬೈಂಡಿಂಗ್ ತಯಾರಿಕಾ ಸಂಸ್ಥೆ

ವಿಷಯ: ಹಾರ್ಡ್ ಬೂಟ್ ಪ್ಲೇಟ್ ಬೈಂಡಿಂಗ್‌ನ ತಪ್ಪು ಹೊಂದಾಣಿಕೆ, ಕೈಪಿಡಿಯಲ್ಲಿನ ಲೋಪ ಹಾಗೂ ಸರ್ವಿಸ್ ವಿಭಾಗದ ಲಿಖಿತ ಉತ್ತರವನ್ನು ಹಿಂಪಡೆಯುವ ಕುರಿತು.

ಮಾನ್ಯರೇ,

ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್ ಬೂಟುಗಳನ್ನು ಸ್ನೋಬೋರ್ಡಿಗೆ ಬಿಗಿದು ಹಿಡಿಯಲೆಂದು ತಮ್ಮ ಸಂಸ್ಥೆಯಿಂದ ಕೊಂಡ ಪ್ಲೇಟ್ ಬೈಂಡಿಂಗ್‌ಗಳನ್ನು ತಮ್ಮದೇ ಅಧಿಕೃತ ಸರ್ವಿಸ್ ಕೇಂದ್ರದವರು ನನ್ನ ಹಾರ್ಡ್ ಬೂಟುಗಳಿಗೆ ಹೊಂದಿಸಿ ಕೊಟ್ಟಿದ್ದರು. ಅದಾದ ಸ್ವಲ್ಪ ಕಾಲದಲ್ಲೇ, ಗಟ್ಟಿಯಾದ ಹಿಮದ ಮೇಲೆ ಹಿಮ್ಮಡಿಯ ಕಡೆಯ ಅಂಚಿನಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದಾಗ ಹಿಂಗಾಲಿನ ಬೈಂಡಿಂಗ್‌ನ ಮುಂದಿನ ಲಿವರ್ ತಾನಾಗಿ ಮೇಲೆದ್ದು, ಬೂಟು ತನ್ನನ್ನು ಒತ್ತಿ ಹಿಡಿಯುವ ತಂತಿ ಕೊಂಡಿಯಿಂದ ಕಳಚಿಕೊಂಡಿತು. ಮುಂಗಾಲು ಮಾತ್ರ ಬೋರ್ಡಿಗೆ ಭದ್ರವಾಗಿಯೇ ಇತ್ತು. ನಾನು ಬಿದ್ದೆ, ಬೋರ್ಡು ಆ ಒಂದೇ ಕಾಲನ್ನು ಹಿಡಿದುಕೊಂಡು ಹೊರಳಿತು, ಮೊಣಕಾಲು ಉಳುಕಿತು. ಗಾಯ ವಾಸಿಯಾಗುತ್ತಿದೆ. ಈ ಪತ್ರ ಬರೆಯಲು ಗಾಯಕ್ಕಿಂತ ಹೆಚ್ಚಾಗಿ ತಮ್ಮ ಸರ್ವಿಸ್ ವಿಭಾಗ ಕಳುಹಿಸಿದ ಉತ್ತರವೇ ಕಾರಣ.

ಆ ಉತ್ತರದಲ್ಲಿ, ಬೀಳುವ ಹೊತ್ತಿನಲ್ಲಿ ಬೈಂಡಿಂಗ್ ಬಿಟ್ಟುಕೊಂಡದ್ದರಿಂದಲೇ ನನ್ನ ಕಾಲಿಗೆ ಹೆಚ್ಚಿನ ಪೆಟ್ಟಾಗಲಿಲ್ಲವೆಂದೂ, ಸ್ಕೀ ಬೈಂಡಿಂಗ್‌ಗಳಲ್ಲಿಯೂ ಹೀಗೆಯೇ ಆಗುವುದೆಂದೂ, ಆದ್ದರಿಂದ ಇದನ್ನು ದೋಷವೆಂದು ಪರಿಗಣಿಸಲಾಗದೆಂದೂ ಬರೆಯಲಾಗಿದೆ. ಮೊದಲನೆಯದಾಗಿ, ಬಿದ್ದದ್ದರಿಂದ ಬೈಂಡಿಂಗ್ ತೆರೆಯಲಿಲ್ಲ. ಬೈಂಡಿಂಗ್ ತೆರೆದದ್ದರಿಂದ ನಾನು ಬಿದ್ದೆ. ಎರಡನೆಯದಾಗಿ, ಸ್ಕೀಯೊಂದಿಗಿನ ಹೋಲಿಕೆಯೇ ತಪ್ಪು. ಹಾರ್ಡ್ ಬೂಟ್ ಬೈಂಡಿಂಗ್ ತಯಾರಿಸುವ ಸಂಸ್ಥೆಯೊಂದರ ಸರ್ವಿಸ್ ವಿಭಾಗದಲ್ಲಿ ಕುಳಿತವರು ಇದನ್ನು ಬರೆದಿದ್ದಾರೆ ಎಂಬುದೇ ನನಗೆ ಹೆಚ್ಚು ಆತಂಕ ತಂದ ಸಂಗತಿ.

ಸ್ಕೀ ಬೈಂಡಿಂಗ್‌ನಲ್ಲಿ ಬಿಡುಗಡೆ ಎಂಬುದು ಅಳತೆಯಿಟ್ಟು ಮಾಡಿದ ವ್ಯವಸ್ಥೆ. ಸ್ಕೀಯರ್‌ನ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಇಳಿಯುವ ಶೈಲಿ ಇವೆಲ್ಲವನ್ನೂ ನೋಡಿ ಸ್ಪ್ರಿಂಗಿನ ಬಿಗಿಯನ್ನು ನಿಗದಿ ಮಾಡುತ್ತಾರೆ. ಅಂಗಡಿಯವರು ಅದನ್ನು ಹೇಗೆ ಹೊಂದಿಸಿ ಪರೀಕ್ಷಿಸಬೇಕೆಂಬುದಕ್ಕೆ ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅಲ್ಲಿ ಎರಡು ಕಾಲಿಗೆ ಎರಡು ಪ್ರತ್ಯೇಕ ಸ್ಕೀಗಳಿರುವುದರಿಂದ, ಒಂದು ಕಳಚಿದರೆ ಆ ಕಾಲು ಸ್ವತಂತ್ರವಾಗುತ್ತದೆ, ಕಳಚಿದ ಸ್ಕೀ ಜಾರಿಹೋಗದಂತೆ ಅದರ ಬ್ರೇಕು ತಡೆಯುತ್ತದೆ. ನನ್ನ ಬೈಂಡಿಂಗ್‌ನಲ್ಲಿ ಇಷ್ಟು ಬಲಕ್ಕೆ ಬಿಡಬೇಕು ಎಂದು ನಿಗದಿಪಡಿಸಿದ ಯಾವ ಸ್ಪ್ರಿಂಗೂ ಇಲ್ಲ. ಬೂಟಿನ ಮುಂದಿನ ಮತ್ತು ಹಿಂದಿನ ಅಂಚುಗಳನ್ನು ಎರಡು ಉಕ್ಕಿನ ತಂತಿ ಕೊಂಡಿಗಳು ಒತ್ತಿ ಹಿಡಿಯುತ್ತವೆ, ಮುಂದಿನ ಲಿವರ್ ಅವನ್ನು ಬಿಗಿಯುತ್ತದೆ, ಅಷ್ಟೇ. ಎರಡೂ ಕಾಲುಗಳು ಒಂದೇ ಹಲಗೆಯ ಮೇಲಿರುವಾಗ ಒಂದು ಮಾತ್ರ ಬಿಟ್ಟುಕೊಂಡರೆ, ಇಡೀ ಬೋರ್ಡಿನ ತಿರುಚುವಿಕೆ ಉಳಿದ ಕಾಲಿನ ಮೇಲೆ ಬರುತ್ತದೆ. ಆದ್ದರಿಂದ ಸವಾರ ತಾನಾಗಿ ತೆಗೆಯುವವರೆಗೆ ಇದು ತೆರೆದುಕೊಳ್ಳಲೇಬಾರದು.

ಇನ್ನು ಇದು ಏಕೆ ತೆರೆದುಕೊಂಡಿತು ಎಂಬ ಪ್ರಶ್ನೆ. ಘಟನೆಯ ನಂತರ ಒಂದು ತಿರುಪನ್ನೂ ಅಲುಗಿಸದೆ ಬೈಂಡಿಂಗ್ ಅನ್ನು ಹಾಗೆಯೇ ಇಟ್ಟುಕೊಂಡು ಪರಿಶೀಲಿಸಿದ್ದೇನೆ. ಮುಂದಿನ ಕೊಂಡಿಯ ಎರಡು ತುದಿಗಳ ಪೈಕಿ ಒಂದು ತುದಿಯನ್ನು ಮತ್ತೊಂದಕ್ಕಿಂತ ಹೆಚ್ಚು ಸುತ್ತು ಒಳಗೆ ತಿರುಗಿಸಲಾಗಿದೆ. ಹೀಗಾಗಿ ಕೊಂಡಿ ಓರೆಯಾಗಿ ನಿಂತಿದೆ. ಬೂಟಿನ ಮುಂದಿನ ಅಂಚಿನ ಪ್ಲಾಸ್ಟಿಕ್ ಮೇಲೆ ತಂತಿ ಒತ್ತಿದ ಗುರುತು ಹೊಳೆಯುವ ಗೆರೆಯಾಗಿ ಮೂಡಿದ್ದು, ಅದು ಅಂಚಿನ ಅರ್ಧ ಅಗಲಕ್ಕೆ ಬಂದು ನಿಂತುಬಿಟ್ಟಿದೆ. ಉಳಿದರ್ಧದಲ್ಲಿ ಕೊಂಡಿ ತಾಗಿದ ಲಕ್ಷಣವೇ ಇಲ್ಲ. ಅಂದರೆ ಎರಡೂ ಬದಿ ಸಮನಾಗಿ ಹೊರಬೇಕಾದ ಭಾರವನ್ನು ಒಂದು ಮೂಲೆ ಹೊರುತ್ತಿತ್ತು.

ಅದಕ್ಕಿಂತ ಗಂಭೀರವಾದದ್ದು ಲಿವರ್‌ನ ಸ್ಥಿತಿ. ತಮಗೆ ತಿಳಿಯದ ವಿಷಯವೇನಲ್ಲ, ಈ ಬಗೆಯ ಲಿವರ್ ಮಧ್ಯರೇಖೆಯನ್ನು, ಅಂದರೆ ಕೊಂಡಿಯ ಎಳೆತ ತನ್ನ ತಿರುಗುಬಿಂದುವಿನ ಮೂಲಕವೇ ನೇರವಾಗಿ ಹಾಯುವ ಸ್ಥಾನವನ್ನು, ದಾಟಿ ಆಚೆಗೆ ಬಿದ್ದಾಗ ಮಾತ್ರ ಭದ್ರ. ಆಗ ಬೂಟು ಮೇಲಕ್ಕೆ ಎಳೆದಷ್ಟೂ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಮಧ್ಯರೇಖೆಯ ಈಚೆಗೇ ನಿಂತರೆ ಅದೇ ಎಳೆತ ಅದನ್ನು ತೆರೆಯುತ್ತದೆ. ಹಿಮ್ಮಡಿಯ ಕಡೆಗೆ ತಿರುಗುವಾಗ ಕಾಲ್ಬೆರಳ ಭಾಗ ಮೇಲಕ್ಕೆಳೆಯುವುದು ಈ ಕ್ರೀಡೆಯಲ್ಲಿ ಪ್ರತಿ ತಿರುವಿನಲ್ಲಿಯೂ ಆಗುವಂಥದ್ದು. ನನ್ನ ಬೈಂಡಿಂಗ್‌ನಲ್ಲಿ ಕೊಂಡಿಯನ್ನು ಅತಿಯಾಗಿ ಗಿಡ್ಡ ಮಾಡಿದ್ದರಿಂದ ಲಿವರ್ ತುಂಬ ಬಿಗಿಯಾಗಿದೆ ಎಂಬ ಭಾವನೆ ಕೈಗೆ ಬರುತ್ತದೆ, ಆದರೆ ಅದು ಪೂರ್ತಿ ಕೆಳಗೆ ಕೂರುವುದಿಲ್ಲ. ಬದಿಯಿಂದ ನೋಡಿದರೆ ಲಿವರ್ ಮತ್ತು ಬೂಟಿನ ನಡುವೆ ಬೆಳಕು ಕಾಣುತ್ತದೆ. ಬಿಗಿಯಾಗಿದ್ದರೆ ಭದ್ರ ಎಂದು ತಮ್ಮ ಮೆಕ್ಯಾನಿಕ್ ಭಾವಿಸಿರಬೇಕು. ಸಡಿಲವಾದದ್ದು ಎಷ್ಟು ಅಪಾಯವೋ, ಮಧ್ಯರೇಖೆ ದಾಟಲಾಗದಷ್ಟು ಬಿಗಿಯಾದದ್ದೂ ಅಷ್ಟೇ ಅಪಾಯ.

ಇದೆಲ್ಲ ಒಬ್ಬ ಮೆಕ್ಯಾನಿಕ್‌ನ ಅಜಾಗರೂಕತೆ ಎಂದು ಹೇಳಿ ಮುಗಿಸಲು ನಾನು ಸಿದ್ಧನಿಲ್ಲ, ಏಕೆಂದರೆ ತಮ್ಮ ಕೈಪಿಡಿಯೇ ಆತನಿಗೆ ದಾರಿ ತೋರಿಸುವುದಿಲ್ಲ. ಹೊಂದಾಣಿಕೆಯ ಬಗ್ಗೆ ಅದರಲ್ಲಿರುವುದು ‘ಬೂಟು ಅಲುಗಾಡದಷ್ಟು ಬಿಗಿ ಮಾಡಿರಿ’ ಎಂಬ ಒಂದು ವಾಕ್ಯ. ಲಿವರ್ ಎಲ್ಲಿಗೆ ಬಂದು ಕೂರಬೇಕು, ಕೊಂಡಿಯ ಎರಡು ತುದಿಗಳು ಸಮನಾಗಿವೆಯೇ ಎಂದು ಹೇಗೆ ನೋಡಬೇಕು, ಹಿಮ್ಮಡಿಯನ್ನು ಹಿಂದಿನ ಕೊಂಡಿಗೆ ಪೂರ್ತಿ ಒತ್ತಿ ಕೂರಿಸಿದ ಮೇಲೆಯೇ ಅಳತೆ ತೆಗೆಯಬೇಕೇ, ಯಾವುದೂ ಇಲ್ಲ. ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ವಿಧಾನವನ್ನು ಹೇಳದೆ ಹೊಂದಿಸಿಕೊಳ್ಳಿ ಎಂದಷ್ಟೇ ಹೇಳುವುದು, ತಕ್ಕಡಿ ಕೊಟ್ಟು ತೂಕದ ಕಲ್ಲು ಕೊಡದ ಹಾಗಾಯಿತು.

ಅದೇ ಕೈಪಿಡಿ, ಈ ಬೈಂಡಿಂಗ್ ಎಲ್ಲ ಹಾರ್ಡ್ ಬೂಟುಗಳಿಗೂ ಸ್ಕೀ ಬೂಟುಗಳಿಗೂ ಹೊಂದುತ್ತದೆ ಎಂದು ಹೇಳುತ್ತದೆ. ಹೊಂದಬಹುದು, ಆದರೆ ಪ್ರತಿ ಬೂಟಿಗೂ ಹೊಸದಾಗಿ ಹೊಂದಿಸಿದರೆ ಮಾತ್ರ. ಒಂದೇ ಸೈಜಿನ ಎರಡು ಬೂಟುಗಳ ಅಟ್ಟೆಯ ಉದ್ದ ಬೇರೆ ಬೇರೆಯಾಗಿರಬಹುದು. ಅದಕ್ಕೆಂದೇ ಮಿಲಿಮೀಟರ್ ಲೆಕ್ಕದ ಅಳತೆಯನ್ನು ಬೂಟಿನ ಪ್ಲಾಸ್ಟಿಕ್ ಮೇಲೆ ಅಚ್ಚೊತ್ತಿರುತ್ತಾರೆ. ಅಂಚುಗಳ ದಪ್ಪವೂ ಒಂದೇ ಸಮನಾಗಿರುವುದಿಲ್ಲ. ಒರಟು ನೆಲದ ಮೇಲೆ ಬೂಟು ಹಾಕಿಕೊಂಡು ನಡೆದಾಡಿದರೆ ಅಟ್ಟೆ ಸವೆಯುತ್ತದೆ, ಸವೆದಂತೆಲ್ಲ ಮೊದಲು ಸರಿಯಾಗಿದ್ದ ಹೊಂದಾಣಿಕೆ ಸಡಿಲವಾಗುತ್ತ ಹೋಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಮೆತ್ತಗಿದ್ದ ಪ್ಲಾಸ್ಟಿಕ್ ಹೊರಗಿನ ಚಳಿಯಲ್ಲಿ ಗಟ್ಟಿಯಾಗುತ್ತದೆ. ಬೂಟನ್ನು ಓರೆಯಾಗಿ ನಿಲ್ಲಿಸುವ ಬೆಣೆಗಳನ್ನು ಹಿಮ್ಮಡಿಯ ಅಥವಾ ಬೆರಳಿನ ಕೆಳಗೆ ಸೇರಿಸಿದಾಗ ಎರಡು ಕೊಂಡಿಗಳ ನಡುವಿನ ಕೋನವೇ ಬದಲಾಗುತ್ತದೆ. ನನ್ನ ಬೈಂಡಿಂಗ್‌ನಲ್ಲಿ ತಮ್ಮ ಕೇಂದ್ರದವರು ಮೊದಲು ಕೊಂಡಿಯನ್ನು ಬಿಗಿದು ಆಮೇಲೆ ಬೆಣೆಗಳನ್ನು ಹಾಕಿದರು ಎಂಬುದು ಅವರೇ ಕೊಟ್ಟ ಕೆಲಸದ ಚೀಟಿಯಲ್ಲಿನ ಅನುಕ್ರಮದಿಂದ ತಿಳಿಯುತ್ತದೆ. ಬೆಣೆ ಹಾಕಿದ ನಂತರ ಮತ್ತೊಮ್ಮೆ ಹೊಂದಿಸಿದ ದಾಖಲೆ ಅದರಲ್ಲಿಲ್ಲ.

ಅಟ್ಟೆಯ ಕೆಳಗೆ ಸೇರುವ ಹಿಮದ ಮಾತು ಕೈಪಿಡಿಯ ಕೊನೆಯ ಪುಟದಲ್ಲಿ, ಬೋರ್ಡನ್ನು ಒರೆಸಿ ಒಣಗಿಸಿಡುವ ಸಲಹೆಗಳ ನಡುವೆ ಸಿಕ್ಕಿಹಾಕಿಕೊಂಡಿದೆ. ಬೂಟಿನಡಿ ಹೆಪ್ಪುಗಟ್ಟಿದ ಹಿಮದ ತೆಳು ಪದರವೂ ಬೂಟನ್ನು ಎತ್ತರಿಸಿ ಲಿವರ್ ಪೂರ್ತಿ ಕೂರದಂತೆ ಮಾಡುತ್ತದೆ. ಅಥವಾ ಲಿವರ್ ಕೂತ ಮೇಲೆ ಆ ಹಿಮ ಪುಡಿಯಾಗಿ ಉದುರಿ ಕೊಂಡಿ ಸಡಿಲವಾಗುತ್ತದೆ. ಇದು ಮೊದಲ ಪುಟಕ್ಕೆ ಬರಬೇಕಾದ ಎಚ್ಚರಿಕೆ.

ಬೂಟನ್ನು ಮೆಟ್ಟಿದೊಡನೆ ತಾನಾಗಿ ಕಚ್ಚಿಕೊಳ್ಳುವ ತಮ್ಮ ಸ್ಟೆಪ್-ಇನ್ ಮಾದರಿಗೂ ಇದೇ ಕೈಪಿಡಿ ಎಂದು ತಿಳಿದು ಈ ಮಾತನ್ನೂ ಸೇರಿಸುತ್ತಿದ್ದೇನೆ. ಅದರಲ್ಲಿ ಬೂಟಿನ ಹಿಮ್ಮಡಿಯ ಎರಡು ಬದಿಯ ಪಿನ್ನುಗಳು ಬೈಂಡಿಂಗ್‌ನ ರಂಧ್ರಗಳಿಗೆ ಹೊಕ್ಕು ಹಿಡಿಯುತ್ತವೆ. ಪಿನ್ನುಗಳನ್ನು ಒಳಕ್ಕೆಳೆಯುವ ಕೇಬಲ್ ಅತಿಯಾಗಿ ಬಿಗಿದಿದ್ದರೆ ಅವು ಪೂರ್ತಿ ಹೊರಬರುವುದಿಲ್ಲ, ರಂಧ್ರದಲ್ಲಿ ಹಿಮ ತುಂಬಿದ್ದರೂ ಅಷ್ಟೇ. ‘ಟಕ್’ ಎಂಬ ಒಂದು ಸದ್ದು ಕೇಳಿ ಎರಡೂ ಪಿನ್ನುಗಳು ಕೂತವೆಂದು ನಂಬುವವರು ಎಷ್ಟೋ ಮಂದಿ ಇರುತ್ತಾರೆ. ಹಿಮ್ಮಡಿಯನ್ನು ಬಲವಾಗಿ ಮೇಲೆತ್ತಿ ನೋಡಬೇಕು, ಎಳೆಯುವ ಹಿಡಿ ತನ್ನ ಜಾಗಕ್ಕೆ ಮರಳಿದೆಯೇ ಎಂದು ಗಮನಿಸಬೇಕು ಎಂಬ ಎರಡು ವಾಕ್ಯಗಳಿಗೆ ಕೈಪಿಡಿಯಲ್ಲಿ ಜಾಗ ಇಲ್ಲದೇ ಹೋಯಿತೇ?

ಬೋರ್ಡಿಗೆ ಬೈಂಡಿಂಗ್ ಕೂರಿಸುವ ಎಂ6 ತಿರುಪುಗಳ ವಿಷಯದಲ್ಲಿ ನನ್ನ ದೂರಿಲ್ಲ, ಅವು ಗಟ್ಟಿಯಾಗಿಯೇ ಇದ್ದವು. ಆದರೆ ಅವುಗಳಲ್ಲಿ ಎರಡರ ತಲೆಗಳು ಸವೆದಿವೆ. ಪೋಜಿಡ್ರೈವ್ ತಲೆಯ ತಿರುಪಿಗೆ, ನೋಡಲು ಅದರಂತೆಯೇ ಇದ್ದರೂ ಅಚ್ಚು ಬೇರೆಯಾದ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಆಗುವುದೇ ಹೀಗೆ. ಇದು ಸಣ್ಣ ವಿಷಯ, ಆದರೂ ಕೆಲಸ ಎಂಥ ಕೈಗಳಲ್ಲಿ ನಡೆದಿದೆ ಎಂಬುದನ್ನು ಹೇಳುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು ಹೀಗಿವೆ. ತೆರೆದುಕೊಂಡದ್ದು ದೋಷವಲ್ಲ ಎಂಬ ಲಿಖಿತ ಉತ್ತರವನ್ನು ಲಿಖಿತವಾಗಿಯೇ ಹಿಂಪಡೆಯಬೇಕು, ಏಕೆಂದರೆ ಅದನ್ನು ನಂಬಿ ಇನ್ನೊಬ್ಬ ಗ್ರಾಹಕರು ಇದೇ ಸ್ಥಿತಿಯ ಬೈಂಡಿಂಗ್ ಹಾಕಿಕೊಂಡು ಇಳಿಯಬಹುದು. ಭಾರಕ್ಕೆ ಸಿಕ್ಕು ಒಮ್ಮೆ ತೆರೆದುಕೊಂಡ ಲಿವರ್ ಮತ್ತು ಓರೆಯಾಗಿ ಎಳೆದಾಡಿದ ತಂತಿ ಕೊಂಡಿ ಬಾಗಿರುವ ಸಾಧ್ಯತೆ ಇರುವುದರಿಂದ, ಅವನ್ನು ಮತ್ತೆ ಹೊಂದಿಸಿ ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಎರಡೂ ಕಾಲಿನ ಮುಂದಿನ ಕೊಂಡಿ ಮತ್ತು ಲಿವರ್‌ಗಳನ್ನು ಹೊಸದಾಗಿ ಬದಲಿಸಿ, ಬೆಣೆಗಳನ್ನು ಹಾಕಿದ ಮೇಲೆ, ನನ್ನ ಬೂಟುಗಳೊಂದಿಗೆ, ನನ್ನ ಎದುರಿನಲ್ಲಿಯೇ ಹೊಂದಿಸಿಕೊಡಬೇಕು. ನನ್ನ ಚಿಕಿತ್ಸೆಯ ವೆಚ್ಚದ ಬಿಲ್ಲುಗಳನ್ನು ಲಗತ್ತಿಸಿದ್ದೇನೆ, ಅದನ್ನು ಭರಿಸಬೇಕು. ಕೈಪಿಡಿಯಲ್ಲಿ ಲಿವರ್‌ನ ಸರಿಯಾದ ಸ್ಥಾನವನ್ನು ಬದಿಯಿಂದ ತೋರಿಸುವ ಚಿತ್ರವೊಂದನ್ನು, ಅದು ಮಧ್ಯರೇಖೆ ದಾಟದೆ ನಿಂತ ಚಿತ್ರದ ಪಕ್ಕದಲ್ಲೇ ಮುದ್ರಿಸಿ, ಈಗಾಗಲೇ ಕೊಂಡವರಿಗೂ ತಲುಪಿಸಬೇಕು. ಮುಂದಿನ ಮಾದರಿಗಳಲ್ಲಿ ಕೊಂಡಿಯ ಎರಡೂ ತುದಿಗಳಿಗೆ ಸಮನಾದ ಗುರುತುಗೆರೆಗಳನ್ನು ಹಾಕಿದರೆ ಓರೆಯಾದದ್ದು ಮೇಲ್ನೋಟಕ್ಕೇ ತಿಳಿಯುತ್ತದೆ; ಇದನ್ನು ಬೇಡಿಕೆ ಎನ್ನುವುದಕ್ಕಿಂತ ಸಲಹೆ ಎಂದೇ ತಿಳಿಯಿರಿ.

ಬೈಂಡಿಂಗ್ ಈಗಲೂ ನನ್ನ ಬಳಿಯೇ, ಘಟನೆಯ ಹೊತ್ತಿನಲ್ಲಿದ್ದ ಸ್ಥಿತಿಯಲ್ಲೇ ಇದೆ. ತಮ್ಮ ತಾಂತ್ರಿಕ ವಿಭಾಗದವರು ಬಂದು ನೋಡುವುದಾದರೆ ತೋರಿಸುತ್ತೇನೆ. ತೆಗೆದುಕೊಂಡು ಹೋಗುವುದಾದರೆ ಕೊಂಡಿಯ ಎರಡು ತುದಿಗಳ ಸದ್ಯದ ಅಳತೆಯನ್ನು ಬರೆದು ಸಹಿ ಮಾಡಿದ ರಸೀದಿಯನ್ನು ಕೊಟ್ಟ ಮೇಲೆಯೇ ಕೊಡುತ್ತೇನೆ. ತಾವು ಉತ್ತರವನ್ನು ಸರ್ವಿಸ್ ವಿಭಾಗದ ಮೂಲಕ ಕಳುಹಿಸದೆ, ದಯವಿಟ್ಟು ತಾಂತ್ರಿಕ ವಿಭಾಗದ ಜವಾಬ್ದಾರಿಯುತ ಅಧಿಕಾರಿಯ ಸಹಿಯೊಂದಿಗೆ ನೇರವಾಗಿ ಕಳುಹಿಸಬೇಕಾಗಿ ಕೋರುತ್ತೇನೆ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಸರ್ವಿಸ್ ಕೇಂದ್ರದ ಕೆಲಸದ ಚೀಟಿ, ಕೊಂಡಿ ಮತ್ತು ಲಿವರ್‌ನ ಛಾಯಾಚಿತ್ರಗಳು, ಬೂಟಿನ ಅಂಚಿನ ಛಾಯಾಚಿತ್ರ, ಚಿಕಿತ್ಸೆಯ ಬಿಲ್ಲುಗಳು, ತಮ್ಮ ಸರ್ವಿಸ್ ವಿಭಾಗದ ಉತ್ತರದ ಪ್ರತಿ.